ಪ್ರಶ್ನಾವಳಿ ಹಿಡಿದು ನಮ್ಮ ಜಗಲಿ ಹತ್ತುವವರಿಗೆ

ಸುಸ್ಥಿರ ಅಭಿವೃದ್ಧಿಯ ಸಂಶೋಧಕರಿಗೆ ಹೊರನಾಡು ಸೀಮೆಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಸಂಶೋಧಕ ಮಿತ್ರರೇ,

ಬೆಂಗಳೂರಿನಿಂದ ಬರುತ್ತೀರಿ, ದೆಹಲಿ, ಪುಣೆಗಳಿಂದ ಬರುತ್ತೀರಿ, ಒಮ್ಮೊಮ್ಮೆ ಇಂಗ್ಲೆಂಡು, ಜರ್ಮನಿಗಳಿಂದಲೂ ಬರುತ್ತೀರಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಕಳಸದಲ್ಲಿ ರೂಮು ಹಿಡಿದು, ಹೊರನಾಡಿನ ಅನ್ನಪೂರ್ಣೇಶ್ವರಿ ಸನ್ನಿಧಿಯಲ್ಲಿ ಊಟ ಮುಗಿಸಿ, ಮಾರನೆಯ ದಿನ ಯಾರದೋ ಪರಿಚಯ ಹೇಳಿಕೊಂಡು ನಮ್ಮ ಜಗಲಿ ಹತ್ತುತ್ತೀರಿ. ಕೈಯಲ್ಲಿ ಮೊದಲು ಕಾಗದದ ಕಟ್ಟು ಇರುತ್ತಿತ್ತು, ಈಗ ಟ್ಯಾಬ್ ಇರುತ್ತದೆ. ಎಷ್ಟು ಎಕರೆ, ಎಷ್ಟು ಜಾತಿಯ ನೆರಳಿನ ಮರ, ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು, ಹೂಮಳೆ ಯಾವ ತಿಂಗಳಲ್ಲಿ ಬಂತು, ಆನೆ ಬರುತ್ತದೆಯೇ, ಹವಾಮಾನ ಬದಲಾವಣೆ ನಿಮ್ಮ ಗಮನಕ್ಕೆ ಬಂದಿದೆಯೇ — ಬಂದಿದ್ದರೆ ‘ಸ್ವಲ್ಪ’, ‘ಸಾಧಾರಣ’, ‘ತುಂಬಾ’, ಈ ಮೂರರಲ್ಲಿ ಯಾವುದು. ನಾವು ಹೇಳುತ್ತೇವೆ. ಕಾಫಿ ಕೊಡುತ್ತೇವೆ. ನೀವು ಫೋಟೊ ತೆಗೆದುಕೊಂಡು ಹೋಗುತ್ತೀರಿ. ಆಮೇಲೆ ನೀವು ಡಾಕ್ಟರಾದ ಸುದ್ದಿ ಒಮ್ಮೊಮ್ಮೆ ವಾಟ್ಸಾಪಿನಲ್ಲಿ ಬರುತ್ತದೆ. ನಾವು ಹೇಳಿದ್ದರಿಂದ ಏನು ಗೊತ್ತಾಯಿತು ಎಂಬ ಸುದ್ದಿ ಬರುವುದು ಅಪರೂಪ.

ದೂರುವುದಕ್ಕೆಂದೇ ಈ ಪತ್ರ ಬರೆಯುತ್ತಿಲ್ಲ. ನಿಮ್ಮ ಕಷ್ಟವೂ ಅಷ್ಟಿಷ್ಟು ಗೊತ್ತು. ನಮ್ಮ ಸೀಮೆಯ ಮಕ್ಕಳೂ ಈಗ ಇದೇ ದಾರಿ ಹಿಡಿದಿದ್ದಾರೆ. ಮೂಡಿಗೆರೆಯ ತೋಟಗಾರಿಕೆ ಕಾಲೇಜಿನಲ್ಲಿ ಓದಿದವರು, ಪರಿಸರ ವಿಜ್ಞಾನ ಮಾಡಿದವರು, ಸಮಾಜಕಾರ್ಯ ಮಾಡಿದವರು ಎಲ್ಲರೂ ‘ಸಸ್ಟೇನಬಿಲಿಟಿ’ ಅನ್ನುತ್ತಾರೆ. ನಮ್ಮ ಕಾಲದಲ್ಲಿ ಇಂಥದ್ದೊಂದು ಉದ್ಯೋಗವೇ ಇರಲಿಲ್ಲ. ಸುಸ್ಥಿರ ಅಭಿವೃದ್ಧಿ ಎಂಬ ಮಾತನ್ನು ಬಳಕೆಗೆ ತಂದ ಬ್ರಂಟ್‌ಲ್ಯಾಂಡ್ ಆಯೋಗದ ವರದಿ ಬಂದದ್ದು 1987ರಲ್ಲಿ. ವಿಶ್ವಸಂಸ್ಥೆ ಸುಸ್ಥಿರ ಅಭಿವೃದ್ಧಿಯ ಹದಿನೇಳು ಗುರಿ, 169 ಉಪಗುರಿಗಳನ್ನು ಒಪ್ಪಿದ್ದು 2015ರಲ್ಲಿ. ಈಗ ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದಲ್ಲಿ ಜಾಗತಿಕ ಸುಸ್ಥಿರ ಅಭಿವೃದ್ಧಿ ಎಂದೇ ಪದವಿ ಇದೆ, ಅಮೆರಿಕದ ಕೊಲಂಬಿಯಾದಲ್ಲಿ ಪಿಎಚ್.ಡಿ. ಇದೆ. ನಮ್ಮಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ. ಅದೂ ತಡವಾಗಿ ಬರುತ್ತದೆ ಎಂದು ಹುಡುಗರು ಗೊಣಗುತ್ತಾರೆ. ಪಿಎಚ್.ಡಿ. ಮುಗಿದ ಮೇಲೆ ಎರಡು ವರ್ಷದ ಪ್ರಾಜೆಕ್ಟು, ಮತ್ತೆ ಎರಡು ವರ್ಷದ ಇನ್ನೊಂದು ಪ್ರಾಜೆಕ್ಟು, ಬೇರೆ ಊರು, ಬೇರೆ ದೇಶ. ನಲವತ್ತರ ಹತ್ತಿರ ಬಂದರೂ ಕಾಯಂ ಕೆಲಸವಿಲ್ಲ. ಪ್ರಬಂಧ ಇಂಗ್ಲಿಷಿನ ದೊಡ್ಡ ಪತ್ರಿಕೆಯಲ್ಲಿ ಬಂದರೆ ಲೆಕ್ಕಕ್ಕೆ ಉಂಟು, ಕಳಸದ ರೈತರ ಸಭೆಯಲ್ಲಿ ಕನ್ನಡದಲ್ಲಿ ಓದಿದರೆ ಇಲ್ಲ. ಪಿಎಚ್.ಡಿ. ಒಪ್ಪಿಸುವ ಮೊದಲೇ ಪ್ರಬಂಧ ಅಚ್ಚಾಗಿರಬೇಕೆಂಬ ಕಟ್ಟಳೆಯನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿತು, ನಿಜ. ಆದರೆ ಕೆಲಸ ಕೊಡುವವರು ಕೈಬಿಟ್ಟಂತೆ ಕಾಣುವುದಿಲ್ಲ.

ಹೀಗಿರುವಾಗ ನಿಮ್ಮ ವೃತ್ತಿಯ ಬಗ್ಗೆ ತೋಟದವನೊಬ್ಬ ಏನು ಹೇಳಬಲ್ಲ ಎನ್ನಬಹುದು. ಈ ಬೆಟ್ಟಗಳು ನಿಮ್ಮಂಥವರನ್ನು ನೂರು ವರ್ಷಕ್ಕೂ ಮಿಕ್ಕಿ ನೋಡಿವೆ. ಯಾರ ಕೆಲಸ ಇಲ್ಲಿ ಉಳಿಯಿತು, ಯಾರದು ಉಳಿಯಲಿಲ್ಲ ಎಂದು ನಾವು ಹೇಳಬಲ್ಲೆವು.

ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಶಿಲೀಂಧ್ರ ಮತ್ತು ಕೀಟಗಳ ತಜ್ಞ. ಆಗ ಮಲೆನಾಡಿನ ಅಡಿಕೆಗೆ ಕೊಳೆರೋಗದ ಕಾಟ. ಮಳೆಗಾಲದಲ್ಲಿ ಕಾಯಿ ಉದುರಿ ರಾಶಿ ಬೀಳುತ್ತಿತ್ತು. ನಮ್ಮ ಹಿರಿಯರಿಗೆ ಗೊತ್ತಿದ್ದ ಉಪಾಯವೆಂದರೆ ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಾಗದಂತೆ ಕಾಯುವುದು. ಕೋಲ್ಮನ್ ರೋಗದ ಕಾರಣ ಹಿಡಿದರು, ಅದರ ಬಗ್ಗೆ 1910ರಲ್ಲಿ ವರದಿ ಅಚ್ಚು ಹಾಕಿಸಿದರು. ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಗೊನೆಗೆ ಹೊಡೆಯುವ ಪದ್ಧತಿ ತೋಟಗಳಿಗೆ ಬಂತು. ಇಂದಿಗೂ ಮೇ ಕೊನೆ, ಜೂನ್ ಮೊದಲ ವಾರದಲ್ಲಿ ನಮ್ಮಲ್ಲಿ ನಡೆಯುವುದು ಅದೇ ಕೆಲಸ. ಮರ ಹತ್ತುವವರು ಕಡಿಮೆಯಾಗಿ ದೋಟಿ ಬಂದಿದೆ, ಔಷಧಿ ಬದಲಾಗಿಲ್ಲ. 1913ರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದ ಕೋಲ್ಮನ್ 1934ರವರೆಗೂ ಮೈಸೂರಿನಲ್ಲಿದ್ದರು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಶುರುವಾದದ್ದು ಅವರ ಕಾಲದಲ್ಲೇ. ಇವತ್ತಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ. ನಮ್ಮ ಅರೇಬಿಕಾ ತೋಟಗಳಲ್ಲಿ ತಲೆಮಾರುಗಳಿಂದ ನಿಂತಿರುವ ಎಸ್.795 ತಳಿ ಅಲ್ಲಿಂದ ಹೊರಬಿದ್ದದ್ದು.

ಕೋಲ್ಮನ್ ಸಂಸ್ಥಾನದ ಅಧಿಕಾರಿ, ಕೈಯಲ್ಲಿ ಇಲಾಖೆ ಇತ್ತು. ನಿಮಗೆ ಅದಿಲ್ಲ, ಒಪ್ಪುತ್ತೇನೆ. ಆದರೆ ಅವರು ಪ್ರಶ್ನೆಯನ್ನು ನಮ್ಮ ತೋಟದಿಂದ ಎತ್ತಿಕೊಂಡರು, ಉತ್ತರವನ್ನು ತೋಟಕ್ಕೇ ತಂದು ಕೊಟ್ಟರು. ನಡುವೆ ಲಂಡನ್ನಿನ ಯಾವ ಪತ್ರಿಕೆ ಅದನ್ನು ಮೆಚ್ಚಿತು ಎಂಬುದು ಯಾರಿಗೂ ನೆನಪಿಲ್ಲ.

ಈಗ ನಿಮ್ಮವರೇ ಎನ್ನಬಹುದಾದ ಒಬ್ಬರ ಮಾತಿಗೆ ಬರುತ್ತೇನೆ. ಅಮೂಲ್ಯ ರೆಡ್ಡಿಯವರ ಹೆಸರು ನಿಮ್ಮಲ್ಲಿ ಬಹಳ ಜನ ಕೇಳಿರುತ್ತೀರಿ. ಕೇಳಿಲ್ಲದವರು ಇದ್ದರೆ ಅದು ನಿಮ್ಮ ವಿಶ್ವವಿದ್ಯಾಲಯಗಳ ನಾಚಿಕೆ. 1930ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಪಿಎಚ್.ಡಿ., ಆಮೇಲೆ ಅಮೆರಿಕದಲ್ಲಿ ಕೆಲಸ, 1966ರಿಂದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುದ್ರಸಾಯನದ ಪ್ರಾಧ್ಯಾಪಕ. ರಸಾಯನ ವಿಜ್ಞಾನಿ ಬೋಕ್ರಿಸ್ ಜೊತೆ ಸೇರಿ ಅವರು ಬರೆದ ವಿದ್ಯುದ್ರಸಾಯನದ ಗ್ರಂಥ 1970ರಲ್ಲಿ ಬಂತು. ಜಗತ್ತಿನ ವಿದ್ಯಾರ್ಥಿಗಳು ಅದನ್ನೇ ಪಠ್ಯವಾಗಿ ಓದಿದರು. ಅಲ್ಲೇ ಕುಳಿತಿದ್ದರೆ ನೆಮ್ಮದಿಯಾಗಿ ನಿವೃತ್ತರಾಗಬಹುದಿತ್ತು. ಹಾಗೆ ಮಾಡದೆ 1974ರಲ್ಲಿ ಸಂಸ್ಥೆಯೊಳಗೇ ‘ಅಸ್ತ್ರ’ ಎಂಬ ಘಟಕ ಕಟ್ಟಿದರು. ಹಳ್ಳಿಗೆ ಬೇಕಾದ ವಿಜ್ಞಾನ ತಂತ್ರಜ್ಞಾನ ಅದರ ಕೆಲಸ. ದೊಡ್ಡ ವಿಜ್ಞಾನ ಮಾಡಬೇಕಾದ ಕಡೆ ಒಲೆ, ಸಗಣಿ, ಮಣ್ಣಿನ ಇಟ್ಟಿಗೆ ಎಂದರೆ ಮೂಗು ಮುರಿದವರು ಇದ್ದೇ ಇರುತ್ತಾರೆ.

ಆಮೇಲೆ ಅವರ ಬಳಗ ಮಾಡಿದ್ದನ್ನು ನೀವು ಗಮನಿಸಬೇಕು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಎಂಬ ಊರಿನಲ್ಲಿ ಕೇಂದ್ರ ತೆರೆದರು. ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ, ಯಾರು ಎಷ್ಟು ಸೌದೆ ತರುತ್ತಾರೆ, ತರುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ನೀರು ಯಾರು ಹೊರುತ್ತಾರೆ, ಎತ್ತು ಎಷ್ಟು ಹೊತ್ತು ದುಡಿಯುತ್ತದೆ ಎಂದು ಲೆಕ್ಕ ಹಾಕಿದರು. ಅವರ ಕೈಯಲ್ಲೂ ಪ್ರಶ್ನಾವಳಿಯೇ ಇತ್ತು. ಹಳ್ಳಿಯ ಶಕ್ತಿಯೆಂದರೆ ಬಹುಪಾಲು ಸೌದೆ, ಅದು ಉರಿಯುವುದು ಅಡುಗೆ ಒಲೆಯಲ್ಲಿ, ಅದರ ಹೊರೆ ಹೆಂಗಸರ, ಮಕ್ಕಳ ತಲೆಯ ಮೇಲೆ ಎಂದು ಆ ಲೆಕ್ಕ ತೋರಿಸಿತು. ಊರವರಿಗೆ ಗೊತ್ತಿದ್ದದ್ದೇ ಎನ್ನಿ. ಆದರೆ ವಿದ್ಯುತ್ ಮಂಡಳಿಗೆ, ಯೋಜನಾ ಆಯೋಗಕ್ಕೆ ಗೊತ್ತಿರಲಿಲ್ಲ. ಲೆಕ್ಕದಿಂದ ಬಂದದ್ದು ಅಸ್ತ್ರ ಒಲೆ: ಹೊಗೆ ಕೊಳವೆಯಲ್ಲಿ ಹೊರಗೆ ಹೋಗುವ, ಕಡಿಮೆ ಸೌದೆ ಕೇಳುವ ಒಲೆ. ಆ ಹೆಸರು ನಮ್ಮ ಮಲೆನಾಡಿನ ಅಡುಗೆಮನೆಗಳಿಗೂ ಬಂತು.

ಪುರ ಎಂಬ ಸಣ್ಣ ಹಳ್ಳಿಯಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಘಟಕ ಮಾಡಿ ಅಡುಗೆಗೆ ಅನಿಲ ಕೊಡಲು ನೋಡಿದರು. ಸಗಣಿ ಸಾಲಲಿಲ್ಲ, ಯೋಜನೆ ಬಿತ್ತು. ಆಗ ಊರವರನ್ನು ಕೂರಿಸಿ ಕೇಳಿದರು: ನಿಮಗೆ ಮೊದಲು ಬೇಕಾದದ್ದು ಏನು? ಕುಡಿಯುವ ನೀರು ಎಂಬ ಉತ್ತರ ಬಂತು. 1987ರಿಂದ ಅದೇ ಅನಿಲದಿಂದ ಎಂಜಿನ್ ಓಡಿಸಿ ಕೊಳವೆ ಬಾವಿಯ ನೀರು ಎತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ಗೊಬ್ಬರ ಹಿಂದಕ್ಕೆ, ಮೇಲೆ ಒಂದಿಷ್ಟು ದುಡ್ಡು. ಲೆಕ್ಕ ಊರಿನ ಸಮಿತಿಯದು. ವರ್ಷಗಳ ಮೇಲೆ ಅದೂ ನಿಂತಿತು. ರೆಡ್ಡಿಯವರು ಅದನ್ನು ಮುಚ್ಚಿಡಲಿಲ್ಲ. ಪುರದ ಪಾಠಗಳು ಏನು ಎಂದು 2004ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ದೀರ್ಘ ಲೇಖನ ಬರೆದರು. ನಿಂತುಹೋದ ಯೋಜನೆಯ ಬಗ್ಗೆ ಅದನ್ನು ಕಟ್ಟಿದವರೇ ಬರೆದದ್ದು ನಿಮ್ಮ ಕ್ಷೇತ್ರದಲ್ಲಿ ಎಷ್ಟು ಸಿಗುತ್ತದೆ, ನೀವೇ ಹೇಳಬೇಕು.

ಇದೇ ಮನುಷ್ಯ ಬ್ರೆಜಿಲ್, ಸ್ವೀಡನ್, ಅಮೆರಿಕದ ಮೂವರು ವಿದ್ವಾಂಸರ ಜೊತೆ ಸೇರಿ ಸುಸ್ಥಿರ ಜಗತ್ತಿಗೆ ಬೇಕಾದ ಶಕ್ತಿಯ ಕುರಿತು ಪುಸ್ತಕ ಬರೆದದ್ದು, 1988ರಲ್ಲಿ. ಎಷ್ಟು ಕಲ್ಲಿದ್ದಲು ಸುಟ್ಟಿರಿ ಎಂಬುದರಿಂದ ಅಭಿವೃದ್ಧಿಯನ್ನು ಅಳೆಯಬೇಡಿ, ಜನರಿಗೆ ಸಿಕ್ಕ ಬೆಳಕು, ನೀರು, ಬೇಯಿಸಿದ ಅನ್ನದಿಂದ ಅಳೆಯಿರಿ ಎಂಬುದು ಆ ನಾಲ್ವರ ವಾದದ ಸಾರ. 2000ದಲ್ಲಿ ನಾಲ್ವರಿಗೂ ವೋಲ್ವೊ ಪರಿಸರ ಪ್ರಶಸ್ತಿ ಬಂತು. ಕರ್ನಾಟಕದ ವಿದ್ಯುತ್ ಬೇಡಿಕೆಯನ್ನು ಸರ್ಕಾರದ ಸಮಿತಿ ಉಬ್ಬಿಸಿ ಹೇಳಿದಾಗ ಎದುರು ಲೆಕ್ಕ ಕೊಟ್ಟವರೂ, ಕೈಗಾ ಅಣು ವಿದ್ಯುತ್ತಿನ ನಿಜವಾದ ವೆಚ್ಚ ಎಷ್ಟು ಎಂದು ಕೇಳಿದವರೂ ಇವರೇ. 2006ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರು ಕಟ್ಟಿದ ಘಟಕಕ್ಕೆ ‘ಸುಸ್ಥಿರ’ ಎಂಬ ಹೆಸರು ಬಂದದ್ದು ಬಹಳ ತಡವಾಗಿ. ಕೆಲಸ ಮೊದಲು ನಡೆದಿತ್ತು.

ಜಾಗತಿಕ ವಿದ್ವಾಂಸರಾಗಬೇಕು ಎಂಬ ಆಸೆ ನಿಮಗೆ ಇರುವುದು ತಪ್ಪಲ್ಲ. ಆದರೆ ರೆಡ್ಡಿಯವರು ಜಗತ್ತಿಗೆ ಹೋದದ್ದು ಉಂಗ್ರದ ದಾರಿಯಲ್ಲಿ. ನಿಮ್ಮಲ್ಲಿ ಕೆಲವರು ಜಗತ್ತಿನಲ್ಲಿ ಮೊದಲೇ ತಯಾರಾದ ಪ್ರಶ್ನೆ ಹಿಡಿದು ಹೊರನಾಡಿಗೆ ಬರುತ್ತೀರಿ. ಹದಿಮೂರನೆಯ ಗುರಿ, ಹದಿನೈದನೆಯ ಗುರಿ ಎಂದು ನಮ್ಮ ತೋಟವನ್ನು ಖಾನೆಗಳಿಗೆ ಹಾಕುತ್ತೀರಿ. ಈ ಕೆಲವು ವರ್ಷಗಳಿಂದ ಕಳಸ, ಸಂಸೆ, ಹೊರನಾಡು ಭಾಗದಲ್ಲಿ ಅಡಿಕೆಗೆ ಎಲೆಚುಕ್ಕಿ ರೋಗ ಬಂದು ತೋಟಕ್ಕೆ ತೋಟವೇ ಸೋಗೆ ಸುಟ್ಟಂತೆ ನಿಂತಿದೆ. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗ ಅದಕ್ಕೂ ಎಷ್ಟೋ ಮೊದಲಿಂದ ಇದೆ. ಇಂಥ ಹೊತ್ತಿನಲ್ಲಿ ಬಂದ ಒಬ್ಬರು ನಮ್ಮ ಪಕ್ಕದ ತೋಟದವರನ್ನು ‘ನಿಮ್ಮ ತಾಳಿಕೆಯ ಶಕ್ತಿ ಎಷ್ಟು’ ಎಂದು ಕೇಳಿದರಂತೆ. ಅವರು, ‘ಸ್ವಾಮೀ, ಒಂದು ಕ್ಯಾನು ಔಷಧಿ ತರುವಷ್ಟು ಉಳಿದಿದೆ’ ಅಂದರಂತೆ. ಅದನ್ನು ಯಾವ ಖಾನೆಗೆ ಹಾಕಿಕೊಂಡರೋ.

ಇನ್ನು ಕುದುರೆಮುಖ. ನಿಮ್ಮ ವೃತ್ತಿಯ ಬಲವೂ ಮಿತಿಯೂ ಎರಡೂ ಇಲ್ಲಿ ಕಾಣುತ್ತವೆ. ಕಬ್ಬಿಣದ ಅದಿರಿನ ಕಂಪನಿ 1976ರಲ್ಲಿ ಹುಟ್ಟಿತು. ಅದಿರು ಇರಾನಿಗೆ ಹೋಗುವುದೆಂದು ಒಪ್ಪಂದವಾಗಿತ್ತು. ಅಲ್ಲಿ ಕ್ರಾಂತಿಯಾಗಿ ಆ ಲೆಕ್ಕ ತಪ್ಪಿತು. ಆದರೂ ಗುಡ್ಡ ಅಗೆದರು, ಅದಿರನ್ನು ಕೆಸರು ಮಾಡಿ ಕೊಳವೆಯಲ್ಲಿ ಮಂಗಳೂರಿಗೆ ಇಳಿಸಿದರು, ಉಳಿದ ಹೂಳನ್ನು ಲಕ್ಯಾ ಅಣೆಕಟ್ಟೆಯಲ್ಲಿ ತುಂಬಿದರು. 1983–84ರಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಈ ಕಾಡುಗಳಲ್ಲಿ ಸಿಂಗಳೀಕಗಳ ಸಮೀಕ್ಷೆ ಮಾಡಿದರು. ಅದರ ಫಲವಾಗಿ 1987ರಲ್ಲಿ ರಾಷ್ಟ್ರೀಯ ಉದ್ಯಾನ ಬಂತು. ಗಣಿಯ ಗುತ್ತಿಗೆ 1999ಕ್ಕೆ ಮುಗಿಯಿತು. ನ್ಯಾಯಾಲಯದಲ್ಲಿ ಹೋರಾಟ ನಡೆದು, 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟು 2005ರ ಕೊನೆಗೆ ಗಣಿ ಮುಚ್ಚಲೇಬೇಕೆಂದಿತು. ಮುಚ್ಚಿತು.

ಗಣಿಯ ಕೆಳಗೆ ಹರಿಯುವ ಭದ್ರೆ ನಮ್ಮ ಹೊಳೆ. ಕಳಸ, ಹೊರನಾಡು, ಬಾಳೆಹೊನ್ನೂರು ಎಲ್ಲ ಅದರ ದಂಡೆಯವು. ಹೊಳೆ ಕೆಂಪಾಗಿದೆ ಎಂದು ನಾವು ಹೇಳಿದರೆ, ಮಳೆಗಾಲದಲ್ಲಿ ಯಾವ ಹೊಳೆ ಕೆಂಪಾಗುವುದಿಲ್ಲ ಎನ್ನುವವರಿದ್ದರು. ಪರಿಸರ ವಿಜ್ಞಾನಿ ಜಗದೀಶ್ ಕೃಷ್ಣಸ್ವಾಮಿ ಮತ್ತು ಜೊತೆಗಾರರು ಮಳೆಯಲ್ಲಿ ನಿಂತು ನೀರಿನ ಹೂಳನ್ನು ಅಳೆದರು. ಜಲಾನಯನದ ಒಂದು ಸಣ್ಣ ಚೂರು ಗಣಿಪ್ರದೇಶ; ಹೊಳೆ ಹೊತ್ತು ತರುತ್ತಿದ್ದ ಹೂಳಿನಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಬರುತ್ತಿತ್ತು. ಪ್ರಬಂಧ ಪತ್ರಿಕೆಯಲ್ಲಿ ಅಚ್ಚಾದದ್ದು 2006ರಲ್ಲಿ, ಗಣಿ ಮುಚ್ಚಿದ ಮೇಲೆ. ಮಳೆಗಾಲದಲ್ಲಿ ಇಲ್ಲಿ ನಿಂತು ಕೆಲಸ ಮಾಡುವುದು ಸುಲಭವಲ್ಲ. ಜಿಗಣೆ ಇರಲಿ, 2018, 2019ರಲ್ಲಿ ಕಳಸ–ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಮತ್ತೆ ಮತ್ತೆ ಮುಳುಗಿ ನಮ್ಮ ದಾರಿಯೇ ಕಟ್ಟಿಹೋಗುತ್ತಿತ್ತು. ಹಾಗಿದ್ದೂ ಅಳೆದರಲ್ಲ, ಅವರಿಗೆ ನನ್ನ ನಮಸ್ಕಾರ. ನಮ್ಮ ಬಾಯಿಮಾತಿಗೆ ಇಲ್ಲದ ತೂಕ ಅವರ ಅಂಕಿಗೆ ಬಂತು.

ಮಿತಿಯ ಮಾತೂ ಹೇಳಬೇಕು. ಗಣಿ ಮುಚ್ಚಿದ ಮೇಲೆ ಕುದುರೆಮುಖದ ಊರು ಖಾಲಿಯಾಯಿತು. ಅಲ್ಲಿಗೆ ತರಕಾರಿ, ಹಾಲು, ಕೂಲಿಯೆಂದು ಅವಲಂಬಿಸಿದ್ದ ಕಳಸ, ಸಂಸೆಯ ಕುಟುಂಬಗಳು ಏನಾದವು? ಉದ್ಯಾನದೊಳಗಿನ ಒಕ್ಕಲುಗಳು ಪರಿಹಾರ ಪಡೆದು ಹೊರಗೆ ಬಂದ ಮೇಲೆ ಅವರ ಮಕ್ಕಳು ಏನು ಮಾಡುತ್ತಿದ್ದಾರೆ? ಸಿಂಗಳೀಕದ ಮೇಲೆ, ಹೂಳಿನ ಮೇಲೆ ಬಂದಷ್ಟು ಬರಹ ಇವರ ಮೇಲೆ ಬಂದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಗಣಿ ಮುಚ್ಚಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಗೆದ್ದ ಪ್ರಕರಣದ ಆಚೆಗೆ ಏನಾಯಿತೆಂದು ನೋಡಲು ಯಾವ ಪ್ರಾಜೆಕ್ಟಿಗೂ ಹಣ ಬರುವುದಿಲ್ಲವೋ ಏನೋ.

ಪಶ್ಚಿಮ ಘಟ್ಟದ ವರದಿಗಳ ವಿಷಯ ಎತ್ತಿದರೆ ನಮ್ಮೂರಲ್ಲಿ ಚಹಾ ತಣ್ಣಗಾಗುವವರೆಗೂ ಜಗಳ. ಮಾಧವ ಗಾಡ್ಗೀಳರು ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರ ಕಟ್ಟಿದವರು, ಉತ್ತರ ಕನ್ನಡದ ಬಿದಿರಿನಿಂದ ಹಿಡಿದು ಈ ಘಟ್ಟವನ್ನು ಕಾಲ್ನಡಿಗೆಯಲ್ಲಿ ಬಲ್ಲವರಾಗಿದ್ದರು. ಅವರ ಸಮಿತಿ 2011ರ ಆಗಸ್ಟ್ 31ರಂದು ವರದಿ ಕೊಟ್ಟಿತು. ಗ್ರಾಮಸಭೆಗಳ ಮುಂದೆ ಜನರ ಭಾಷೆಯಲ್ಲಿ ಇಟ್ಟು ಚರ್ಚಿಸಿ, ಆಮೇಲೆ ತೀರ್ಮಾನಿಸಿ ಎಂಬುದು ಗಾಡ್ಗೀಳರ ಒತ್ತಾಯವಾಗಿತ್ತು. ಕೇಂದ್ರ ಪರಿಸರ ಸಚಿವಾಲಯ ವರದಿಯನ್ನೇ ಹೊರಗೆ ಬಿಡಲಿಲ್ಲ. ಮಾಹಿತಿ ಆಯೋಗ, ಹೈಕೋರ್ಟು ಎಂದೆಲ್ಲ ಸುತ್ತಿ 2012ರ ಮೇಯಲ್ಲಿ ಅದು ಜನರ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ‘ಮನೆ ಕಟ್ಟುವಂತಿಲ್ಲವಂತೆ, ದನ ಮೇಯಿಸುವಂತಿಲ್ಲವಂತೆ’ ಎಂಬ ಸುದ್ದಿ ವರದಿಗಿಂತ ಮೊದಲೇ ಘಟ್ಟ ಹತ್ತಿಯಾಗಿತ್ತು. ಆಮೇಲೆ ಬಂದದ್ದು ಕಸ್ತೂರಿರಂಗನ್ ಸಮಿತಿ, 2013ರಲ್ಲಿ. ಉಪಗ್ರಹದ ಚಿತ್ರ ನೋಡಿ ಪರಿಸರ ಸೂಕ್ಷ್ಮ ಪ್ರದೇಶಕ್ಕೆ ಸೇರುವ ಊರುಗಳ ಪಟ್ಟಿ ಮಾಡಿತು: ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್, 1,576 ಊರು. ಕರಡು ಅಧಿಸೂಚನೆ ಮೊದಲು 2014ರಲ್ಲಿ ಹೊರಬಿತ್ತು, ಆರನೆಯದು 2024ರ ಜುಲೈ 31ರಂದು. ಅದೇ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಒಪ್ಪುವುದಿಲ್ಲವೆಂದಿತು.

ಈ ಜಗಳದಲ್ಲಿ ನಾನು ಯಾರ ಪಕ್ಷ ಎಂದು ಕೇಳಿದರೆ, 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯ ಕಡೆ ಗುಡ್ಡ ಕುಸಿದು ಮನೆ, ತೋಟ ಹೋದದ್ದನ್ನು ನೋಡಿದ ಮೇಲೆ, ಗುಡ್ಡವನ್ನು ಎಲ್ಲೆಂದರಲ್ಲಿ ಜೆಸಿಬಿ ಇಟ್ಟು ಕಡಿಯಬಾರದು ಎಂಬಷ್ಟು ಬುದ್ಧಿ ನನಗೂ ಬಂದಿದೆ. ಆದರೆ ನಿಮಗೆ ಹೇಳಬೇಕಾದದ್ದು ಬೇರೆ. ಗಾಡ್ಗೀಳ್ ಸಮಿತಿಯ ಹದಿನಾಲ್ಕು ಜನ ತಜ್ಞರು ಬರೆದ ವರದಿಯನ್ನು ಓದಿ ವಿರೋಧಿಸಿದವರು ನಮ್ಮಲ್ಲಿ ಬೆರಳೆಣಿಕೆ. ಓದಿ ಒಪ್ಪಿದವರೂ ಅಷ್ಟೇ. ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಕನ್ನಡದಲ್ಲಿ, ಯಾವ ವಲಯದಲ್ಲಿ ಏನು ಮಾಡಬಹುದು, ಏನು ಕೂಡದು ಎಂದು ಬಿಡಿಸಿ ಹೇಳುವವರು ಆಗ ಬೇಕಾಗಿತ್ತು. ಈ ಘಟ್ಟದ ಮೇಲೆ ಪ್ರಬಂಧ ಬರೆದು ಕೆಲಸ ಪಡೆದವರು ಕಡಿಮೆಯೇನಿರಲಿಲ್ಲ. ಎಲ್ಲಿದ್ದರು?

ನೀವು ಕೇಳದೆ ಬಿಡುವ ಪ್ರಶ್ನೆಗಳ ಬಗ್ಗೆಯೂ ಒಂದೆರಡು ಮಾತು. ಜಗಲಿಯಲ್ಲಿ ಕೂತು ಯಜಮಾನರನ್ನು ಮಾತಾಡಿಸುತ್ತೀರಿ. ಕೂಲಿಯವರ ಲೈನು ಮನೆಗೆ ಹೋಗುವವರು ಕಡಿಮೆ. ಕಾಫಿ ಕುಯ್ಯುವವರು ಈಗ ಅಸ್ಸಾಮಿನಿಂದ, ಜಾರ್ಖಂಡಿನಿಂದ ಬರುತ್ತಾರೆ. ಅವರ ಮಕ್ಕಳು ಯಾವ ಶಾಲೆಗೆ ಹೋಗುತ್ತವೆ, ಅವರ ಬಚ್ಚಲು ಎಲ್ಲಿದೆ, ಅವರು ತಮ್ಮ ಊರು ಬಿಟ್ಟು ಬಂದದ್ದಕ್ಕೂ ಹವಾಮಾನಕ್ಕೂ ಸಂಬಂಧ ಉಂಟೋ — ಇದು ಹದಿನೇಳು ಗುರಿಗಳಲ್ಲಿ ಎಷ್ಟಕ್ಕೆ ತಾಗುತ್ತದೆ ಎಂದು ಎಣಿಸಿ ನೋಡಿ. ಯಜಮಾನರನ್ನು ಕೇಳುವಾಗಲೂ ಅಮ್ಮನವರನ್ನು ಕೇಳುವುದಿಲ್ಲ. ಕಾಫಿ ತಂದುಕೊಟ್ಟು ಒಳಗೆ ಹೋಗುವ ಅವರಿಗೆ ತೋಟದ ಸಾಲ ಪೈಸೆ ಪೈಸೆಯಾಗಿ ಗೊತ್ತಿರುತ್ತದೆ.

ನೆರಳಿನ ಮರಗಳನ್ನು ಎಣಿಸುತ್ತೀರಿ, ಸಿಲ್ವರ್ ಓಕ್ ಹೆಚ್ಚಾಯಿತು, ಕಾಡುಮರ ಕಡಿಮೆಯಾಯಿತು ಎಂದು ಬೇಸರಪಡುತ್ತೀರಿ. ಯಾಕೆ ಎಂದು ಬೇಗ ಹೇಳಿಬಿಡುತ್ತೇನೆ: ಸಿಲ್ವರ್ ಕಡಿದು ಮಾರಿದರೆ ಮಗಳ ಮದುವೆಗೆ ದುಡ್ಡು ಬರುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು. ನನ್ನ ಅಜ್ಜ ಉಳಿಸಿದ ನಂದಿಯೋ ಹೊನ್ನೆಯೋ ಬಿದ್ದರೆ ಅದನ್ನು ಸಾಗಿಸಲು ಕಚೇರಿ ಸುತ್ತಬೇಕು. ಕಾಡುಮರ ಉಳಿಸಿದವನಿಗೆ ತೊಂದರೆ, ನೆಡದವನಿಗೆ ಆರಾಮ. ಇದನ್ನು ಕೊಡಗಿನ ತೋಟಗಳಲ್ಲಿ ಅಧ್ಯಯನ ಮಾಡಿದವರು ಬರೆದಿದ್ದಾರೆ. ಚಿಕ್ಕಮಗಳೂರು, ಹಾಸನ, ಕೊಡಗಿನ ಕಾಫಿ, ಅಡಿಕೆ, ರಬ್ಬರು ತೋಟಗಳಲ್ಲಿ ಇನ್ನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ ಎಂದು ವನ್ಯಜೀವಿ ವಿಜ್ಞಾನಿ ಕೃತಿ ಕಾರಂತ ಮತ್ತು ಜೊತೆಗಾರರು 2016ರಲ್ಲಿ ಬರೆದರು. ಹಕ್ಕಿ ಉಳಿಯುವುದು ನಮ್ಮ ತೋಟದ ಮರದ ಮೇಲೆ, ಮರ ಉಳಿಯುವುದು ಕಾನೂನಿನ ಮೇಲೆ. ಆ ಎರಡನೆಯದರ ಬೆನ್ನು ಹತ್ತಿ ವಿಧಾನಸೌಧದವರೆಗೆ ಹೋಗುವ ವಿದ್ವಾಂಸರು ಸಿಕ್ಕರೆ ನಮ್ಮೂರಿನವರೇ ಬಸ್ ಚಾರ್ಜು ಕೊಟ್ಟಾರು.

ಈಗ ಯುರೋಪಿನ ಕಾನೂನು ಬೇರೆ ಬಂದಿದೆ. 2020ರ ಡಿಸೆಂಬರ್ 31ರ ಆಚೆಗೆ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಪ್ರತಿ ತೋಟದ ಜಾಗವನ್ನು ಉಪಗ್ರಹದ ಲೆಕ್ಕದಲ್ಲಿ ಗುರುತಿಸಬೇಕು. ನಾಲ್ಕು ಹೆಕ್ಟೇರಿಗಿಂತ ದೊಡ್ಡದಿದ್ದರೆ ಗಡಿ ಪೂರ್ತಿ ಎಳೆಯಬೇಕು. 2023ರಲ್ಲಿ ಕಾನೂನಾಯಿತು, ಜಾರಿಯ ದಿನ ಮುಂದಕ್ಕೆ ಹೋಗುತ್ತಲೇ ಇದೆ. ಭಾರತದಿಂದ ರಫ್ತಾಗುವ ಕಾಫಿಯಲ್ಲಿ ದೊಡ್ಡ ಪಾಲು ಇಟಲಿ, ಜರ್ಮನಿಗಳಂಥ ದೇಶಗಳಿಗೇ ಹೋಗುವುದರಿಂದ ಇದು ನಮ್ಮ ಅನ್ನದ ಪ್ರಶ್ನೆ. ಕಾಫಿ ಮಂಡಳಿ ನೋಂದಣಿ ಮಾಡಿಸಿ ಎನ್ನುತ್ತಿದೆ. ಇಲ್ಲಿ ಅರ್ಧ ಜನರ ಪಹಣಿಯಲ್ಲಿ ತೀರಿಹೋದ ಅಜ್ಜನ ಹೆಸರಿದೆ, ಇನ್ನರ್ಧ ಒತ್ತುವರಿ ಸಕ್ರಮದ ಅರ್ಜಿ ಹಾಕಿ ಕಾಯುತ್ತಿದ್ದಾರೆ. ಬ್ರಸೆಲ್ಸಿನ ಕಾನೂನು ಓದಬಲ್ಲವರೂ ನಮ್ಮ ಪಹಣಿ ಓದಬಲ್ಲವರೂ ಆದ ಒಬ್ಬ ವಿದ್ವಾಂಸ ನಮಗೆ ಈಗ ಬೇಕು. ಜಾಗತಿಕ ಸುಸ್ಥಿರ ಅಭಿವೃದ್ಧಿಯಲ್ಲಿ ಪದವಿ ಪಡೆಯುವ ನಮ್ಮ ಸೀಮೆಯ ಮಕ್ಕಳು ಕೆಲಸ ಎಲ್ಲಿದೆ ಎಂದು ಕೇಳುತ್ತೀರಲ್ಲ, ಇಲ್ಲಿದೆ. ಸಂಬಳ ಯಾರು ಕೊಡುತ್ತಾರೆ ಎಂದರೆ ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಬೆಳೆಗಾರರ ಸಂಘಗಳು, ಕಾಫಿ ಮಂಡಳಿ, ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯ ಸೇರಿ ಯೋಚಿಸಬೇಕಾದ ಮಾತು ಅದು.

ಕೊನೆಗೆ ಕೆಲವು ವ್ಯವಹಾರದ ಮಾತು. ಡಿಸೆಂಬರಿನಿಂದ ಫೆಬ್ರವರಿವರೆಗೆ ಬರಬೇಡಿ, ಕಾಫಿ ಕುಯ್ಲು, ಅಡಿಕೆ ಸುಲಿತ ಎರಡೂ ಸೇರಿ ಕೂತು ಮಾತಾಡಲು ಪುರಸೊತ್ತಿರುವುದಿಲ್ಲ. ಮಾರ್ಚಿನಲ್ಲಿ ಬನ್ನಿ, ಹೂಮಳೆ ಬರುವ ಹೊತ್ತು, ಎಲ್ಲರ ಬಾಯಲ್ಲೂ ಅದೇ ಮಾತು ಇರುತ್ತದೆ. ಒಂದು ಮಳೆಗಾಲವನ್ನಾದರೂ ಇಲ್ಲೇ ಕಳೆಯಿರಿ. ಮಳೆ ನೋಡದೆ ಮಲೆನಾಡಿನ ಮೇಲೆ ಪ್ರಬಂಧ ಬರೆದವರನ್ನು ನಮ್ಮಲ್ಲಿ ಯಾರೂ ನಂಬುವುದಿಲ್ಲ. ಕನ್ನಡ ಬಾರದಿದ್ದರೆ ಕಲಿಯಿರಿ, ಕಲಿಯಲಾಗದಿದ್ದರೆ ಜೊತೆಗೆ ಬರುವ ಅನುವಾದಕ ಹುಡುಗನ ಹೆಸರನ್ನು ಪ್ರಬಂಧದಲ್ಲಿ ಹಾಕಿ, ದುಡ್ಡನ್ನೂ ಸರಿಯಾಗಿ ಕೊಡಿ. ಮುಖ್ಯವಾದದ್ದು ಇದು: ಬರೆದು ಮುಗಿಸಿದ ಮೇಲೆ ನಾಲ್ಕು ಪುಟ ಕನ್ನಡದಲ್ಲಿ ಬರೆದು ಪಂಚಾಯಿತಿಗೆ ಕಳಿಸಿ, ಗ್ರಾಮಸಭೆಯ ದಿನ ಬಂದು ಓದಿ ಹೇಳಿ. ನೀವು ಕಂಡುಕೊಂಡದ್ದು ತಪ್ಪು ಎಂದು ಯಾರಾದರೂ ಎದ್ದು ನಿಂತರೆ ಹೆದರಬೇಡಿ, ಅವರು ಹೇಳುವುದನ್ನೂ ಬರೆದುಕೊಳ್ಳಿ. ಮುಂದೆ ಈ ಸೀಮೆಗೆ ಯಾರೇ ಬಂದರೂ, ಹಿಂದೆ ಬಂದವರು ಏನು ಕಂಡುಕೊಂಡರು ಎಂಬುದನ್ನು ಮೊದಲು ನಮಗೆ ತಿಳಿಸಿ, ಆಮೇಲೆ ಹೊಸ ಪ್ರಶ್ನೆ ಕೇಳಿ. ಅಷ್ಟು ಮಾಡಿದವರಿಗೆ ನಮ್ಮ ಲೆಕ್ಕದ ಪುಸ್ತಕ, ಸಾಲದ ಚೀಟಿ, ತೋಟದ ದಾರಿ ಎಲ್ಲವೂ ತೆರೆದಿರುತ್ತದೆ.

ಇತಿ ನಿಮ್ಮ ವಿಶ್ವಾಸಿ,
ಹೊರನಾಡು ಸೀಮೆಯ ಒಬ್ಬ ಸಣ್ಣ ಬೆಳೆಗಾರ